ಹ್ಯಾಂಡ್ ಬ್ರೇಕ್ ಎಳೆದ್ರೂ ಕಾರು ಜಾರ್ತಿದೆಯಾ? ಕೇಬಲ್ ಟೈಟ್ ಮಾಡಿಸೋ ಮುಂಚೆ ಇದನ್ನ ಕೇಳಿ

ಮಡಿಕೇರಿ ಕಡೆ ಹೋಗಿದ್ದೀರಿ ಅಂದ್ಕೊಳ್ಳಿ. ಇಳಿಜಾರಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಫುಟ್ ಬ್ರೇಕ್‌ನಿಂದ ಕಾಲು ತೆಗೀತೀರಿ. ಕಾರು ಮೆಲ್ಲಗೆ ಹಿಂದಕ್ಕೆ ಜಾರುತ್ತೆ. ಇನ್ನೂ ಜೋರಾಗಿ ಎಳೆದಾಗ ನಿಲ್ಲುತ್ತೆ. ಸದ್ಯ ನಿಲ್ತಲ್ಲ ಅಂತ ಮಕ್ಕಳನ್ನ ಒಳಗೇ ಕೂರಿಸಿ ಟೀ ಕುಡಿಯೋಕೆ ಇಳೀಬೇಡಿ.

ಆಲ್ಟೋ, ವ್ಯಾಗನ್ ಆರ್, ಸ್ವಿಫ್ಟ್ ತರಹದ ಕಾರುಗಳಲ್ಲಿ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುತ್ತೆ. ಲಿವರ್ ಎಳೆದಾಗ ಕೇಬಲ್ ಬಿಗಿಯಾಗಿ, ಡ್ರಮ್ ಒಳಗಿನ ಎರಡು ಬ್ರೇಕ್ ಶೂ ಅಗಲಿಸಿಕೊಂಡು ಡ್ರಮ್ಮಿನ ಗೋಡೆಗೆ ಒತ್ತಿಕೊಳ್ಳುತ್ತವೆ. ಇದರಲ್ಲಿ ಬ್ರೇಕ್ ಆಯಿಲ್‌ಗೆ ಕೆಲಸವೇ ಇಲ್ಲ.

ಮೊದಲು ಲಿವರ್ ಎಳೀವಾಗ ಬರೋ ಕಟಕಟ ಸದ್ದು ಎಣಿಸಿ. ಸುಮಾರಾಗಿ 4ರಿಂದ 7ರ ಒಳಗೆ ಬಿಗಿಯಾಗಬೇಕು. ನಿಮ್ಮ ಕಾರಿನ ನಿಖರ ಲೆಕ್ಕ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ನೋಡಿ. 9, 10 ದಾಟಿಯೂ ಲಿವರ್ ಮೇಲಕ್ಕೆ ಬರ್ತಾನೇ ಇದ್ರೆ ಎಲ್ಲೋ ಸಡಿಲ ಇದೆ ಅಂತ ಅರ್ಥ.

ಎಲ್ಲಿ ಅನ್ನೋದನ್ನ ಫುಟ್ ಬ್ರೇಕ್ ಹೇಳುತ್ತೆ. ಪೆಡಲ್ ಕೂಡ ಮೊದಲಿಗಿಂತ ಆಳಕ್ಕೆ ಹೋಗಿ ಹಿಡೀತಿದ್ರೆ, ಶೂ ಸವೆದು ಡ್ರಮ್ಮಿಗೂ ಶೂಗೂ ಮಧ್ಯೆ ಅಂತರ ಜಾಸ್ತಿ ಆಗಿರೋ ಸಾಧ್ಯತೆ ಹೆಚ್ಚು. ಪೆಡಲ್ ಸರಿಯಾಗಿದ್ದು ಲಿವರ್ ಮಾತ್ರ ಸಡಿಲ ಅನಿಸಿದ್ರೆ ಕೇಬಲ್ ಮೇಲೆ ಅನುಮಾನ ಪಡಬಹುದು. ಇನ್ನೊಂದು ಥರ ಇದೆ: ಲಿವರ್ 5ಕ್ಕೇ ಗಟ್ಟಿಯಾಗುತ್ತೆ, ಆದ್ರೂ ಕಾರು ಜಾರುತ್ತೆ. ಆಗ ಕೇಬಲ್ ತುಕ್ಕು ಹಿಡಿದು ಎಲ್ಲೋ ಸಿಕ್ಕಿಕೊಂಡಿರಬಹುದು. ಇಲ್ಲಾಂದ್ರೆ ವೀಲ್ ಸಿಲಿಂಡರ್ ಲೀಕ್ ಆಗಿ ಶೂ ಮೇಲೆ ಬ್ರೇಕ್ ಆಯಿಲ್ ಸೇರಿರಬಹುದು. ಹಿಂದಿನ ಚಕ್ರದ ಒಳಬದಿ ಒದ್ದೆ ಕಂಡ್ರೆ, ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಆಯಿಲ್ ಇಳಿದಿದ್ರೆ, ಕಾರು ಓಡಿಸಬೇಡಿ. ಅದು ಫುಟ್ ಬ್ರೇಕಿಗೇ ಕುತ್ತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಗ್ಯಾರೇಜಿಗೆ ಹೋದ್ರೆ ಸುಲಭದ ರಿಪೇರಿ ಒಂದಿದೆ. ಲಿವರ್ ಬುಡದಲ್ಲಿರೋ ಅಡ್ಜಸ್ಟ್‌ಮೆಂಟ್ ನಟ್ ಎರಡು ಸುತ್ತು ತಿರುಗಿಸಿ, 'ಆಯ್ತು ಸಾರ್' ಅಂತಾರೆ. ಲಿವರ್ ಮತ್ತೆ 5ಕ್ಕೆ ಬಿಗಿಯಾಗುತ್ತೆ, ನಮಗೂ ಖುಷಿ. ಆದ್ರೆ ಶೂ ಸವೆದಿದ್ರೆ ಇದು ರೋಗ ಮುಚ್ಚಿಟ್ಟಂಗೆ. ಶೂ ಸವೆದ ಹಾಗೆಲ್ಲ ಅಂತರ ಸರಿಮಾಡೋಕೆ ಡ್ರಮ್ ಒಳಗೆ ಸೆಲ್ಫ್ ಅಡ್ಜಸ್ಟರ್ ಇರುತ್ತೆ. ಕೇಬಲ್ ಸದಾ ಎಳ್ಕೊಂಡೇ ಇದ್ರೆ ಅದು ಸರಿಯಾಗಿ ಕೆಲಸ ಮಾಡೋಲ್ಲ. ತೀರಾ ಬಿಗಿ ಮಾಡಿದ್ರೆ ಲಿವರ್ ಇಳಿಸಿದ ಮೇಲೂ ಶೂ ಉಜ್ಜುತ್ತಾ ಡ್ರಮ್ ಬಿಸಿಯಾಗುತ್ತೆ, ಮೈಲೇಜ್ ಬೀಳುತ್ತೆ.

ಹಾಗಾಗಿ ಮೆಕ್ಯಾನಿಕ್‌ಗೆ ಮೊದಲೇ ಹೇಳಿ: ಡ್ರಮ್ ಬಿಚ್ಚಿ ಶೂ ನೋಡಿ, ಅಡ್ಜಸ್ಟರ್ ಕ್ಲೀನ್ ಮಾಡಿ, ಶೂ ಅಂತರ ಸರಿ ಮಾಡಿ, ಕೇಬಲ್ ಕೊನೆಗೆ. ಶೂ ಬದಲಾಯಿಸಬೇಕಾದ್ರೆ ಎರಡೂ ಚಕ್ರಕ್ಕೂ ಹಾಕಿಸಿ. ಡ್ರಮ್ ಧೂಳನ್ನ ಬಾಯಲ್ಲಿ ಊದೋದು ಬೇಡ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಕೆಲಸ ಮುಗಿದ ಮೇಲೆ ಚಕ್ರ ಎತ್ತಿ ನಿಲ್ಲಿಸಿದ್ದಾಗಲೇ ಲಿವರ್ ಇಳಿಸಿ, ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು.

ರಿಪೇರಿ ಆಗೋವರೆಗೆ ಇಳಿಜಾರಲ್ಲಿ ಪಾರ್ಕಿಂಗ್ ಬೇಡ. ಬೇರೆ ದಾರಿ ಇಲ್ಲಾಂದ್ರೆ ಕಾರಿನ ಮುಖ ಏರಿನ ಕಡೆ ಇದ್ದಾಗ ಫಸ್ಟ್ ಗೇರ್, ಇಳಿತದ ಕಡೆ ಇದ್ದಾಗ ರಿವರ್ಸ್ ಹಾಕಿ, ಚಕ್ರಕ್ಕೆ ದಪ್ಪ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲು ರಸ್ತೆ ಮೇಲೇ ಬಿಟ್ಟು ಹೋಗಬೇಡಿ, ಹಿಂದೆ ಬೈಕಿನವರು ಬರ್ತಿರ್ತಾರೆ.

ಲಿವರ್ ಬದಲು ಬಟನ್ ಇರೋ ಕಾರಾದ್ರೆ ಇದ್ಯಾವುದನ್ನೂ ನೀವೇ ಬಿಚ್ಚೋಕೆ ಹೋಗಬೇಡಿ. ಅದರ ಮೋಟರನ್ನ ಸಾಮಾನ್ಯವಾಗಿ ಸ್ಕ್ಯಾನರ್ ಹಾಕಿ ಸರ್ವಿಸ್ ಮೋಡ್‌ಗೆ ತಂದೇ ಕೆಲಸ ಮಾಡಬೇಕು.