ದಿನಾ ಉಜ್ಜಿದರೂ ಹಲ್ಲು ಹುಳುಕಾಗೋದು ಯಾಕೆ?

ದಿನಕ್ಕೆ ಎರಡು ಸಲ ತಪ್ಪದೆ ಹಲ್ಲುಜ್ಜುತ್ತೀರಿ. ಆದರೂ ವರ್ಷ ತುಂಬೋದರೊಳಗೆ ಇನ್ನೊಂದು ಹಲ್ಲು ಹುಳುಕು, ಇನ್ನೊಂದು ಫಿಲ್ಲಿಂಗ್. ಮೇಲಿಂದ "ಸರಿಯಾಗಿ ಉಜ್ಜಲ್ವಾ?" ಅನ್ನೋ ಮಾತು ಬೇರೆ. ನಿಜಕ್ಕೂ ಬೇಜಾರಾಗುತ್ತೆ. ಆದರೆ ತಪ್ಪು ಉಜ್ಜೋದರಲ್ಲೇ ಇರಬೇಕು ಅಂತೇನಿಲ್ಲ.

ಆಫೀಸಿನ ಮೇಜಿನ ಮೇಲಿರೋ ಸಕ್ಕರೆ ಹಾಕಿದ ಕಾಫಿ ಲೋಟ ನೋಡಿ. ಒಂದು ಗುಟುಕು ಒಳಗೆ ಹೋದ ಕೆಲವೇ ನಿಮಿಷದಲ್ಲಿ ಬಾಯಲ್ಲಿರೋ ಬ್ಯಾಕ್ಟೀರಿಯಾ ಆ ಸಕ್ಕರೆಯಿಂದ ಆಮ್ಲ ತಯಾರಿಸುತ್ತವೆ. ಬಾಯಿಯ ಪಿಎಚ್ (ಆಮ್ಲೀಯತೆಯ ಅಳತೆ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರ ಎನಾಮಲ್‌ನಲ್ಲಿರೋ ಕ್ಯಾಲ್ಸಿಯಂ, ಫಾಸ್ಫೇಟ್ ಕರಗೋಕೆ ಶುರು. ಪಿಎಚ್ ಅನ್ನ ಮತ್ತೆ ಸರಿದಾರಿಗೆ ತರೋದು ನಮ್ಮ ಜೊಲ್ಲು. ಅದಕ್ಕೆ ಅರ್ಧ ಗಂಟೆಯಾದರೂ ಬೇಕು. ಹತ್ತು ನಿಮಿಷಕ್ಕೊಂದು ಗುಟುಕು ಹೀರ್ತಾ ಕೂತರೆ ಜೊಲ್ಲಿಗೆ ಬಿಡುವೆಲ್ಲಿ? ಕಾಫಿ ಬಿಡಬೇಡಿ. ಒಂದೇ ಸಲಕ್ಕೆ ಕುಡಿದು ಮುಗಿಸಿ, ನೀರಲ್ಲಿ ಬಾಯಿ ಮುಕ್ಕಳಿಸಿ.

ಜೊಲ್ಲೇ ಕಮ್ಮಿ ಇದ್ದರೆ? ಅಲರ್ಜಿ, ಬಿಪಿ, ಖಿನ್ನತೆಗೆ ಕೊಡೋ ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಮಾತ್ರೆ ನಿಲ್ಲಿಸಬೇಡಿ, ದಂತವೈದ್ಯರಿಗೆ ಹೇಳಿ. ತುಂಬಾ ಜನ ಈ ವಿಷಯ ಹೇಳೋದೇ ಇಲ್ಲ!

ಪೇಸ್ಟಿನ ಟ್ಯೂಬ್ ಹಿಂದೆ ತಿರುಗಿಸಿ ಓದಿ. ದೊಡ್ಡವರಿಗೆ ಫ್ಲೋರೈಡ್ 1000 ಪಿಪಿಎಂ ಆಸುಪಾಸು ಇರಬೇಕು. ಕೆಲವು ಗಿಡಮೂಲಿಕೆ ಪೇಸ್ಟ್‌ಗಳಲ್ಲಿ ಅದು ಇರೋದೇ ಇಲ್ಲ. ರಾತ್ರಿ ಉಜ್ಜಿದ ಮೇಲೆ ನೊರೆ ಉಗಿದು ಹಾಗೇ ಬಿಡಿ, ನೀರು ಹಾಕಿ ತೊಳೀಬೇಡಿ. ಫ್ಲೋರೈಡ್ ಹಲ್ಲಿನ ಮೇಲೆ ಉಳೀಬೇಕು.

ಹುಳುಕು ಪದೇ ಪದೇ ಎರಡು ಹಲ್ಲಿನ ಸಂದಿಯಲ್ಲೇ ಬರ್ತಿದೆಯಾ? ಅಲ್ಲಿಗೆ ಬ್ರಶ್ ಹೋಗಲ್ಲ. ಇವತ್ತು ರಾತ್ರಿಯಿಂದಲೇ ಫ್ಲಾಸ್ ದಾರ ಶುರು ಮಾಡಿ.