ಮಣ್ಣಿನ ಸಂದುಗಳಲ್ಲಿ ಶಿಲೀಂಧ್ರದ ಸಂಚಾರ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಗೂರು ಸೀಮೆಯಲ್ಲಿ ಮಳೆಯನ್ನು ನೆಚ್ಚಿದ ರಾಗಿಯ ಹೊಲಗಳೂ ನೀರು ನಿಲ್ಲಿಸಿ ಬೆಳೆಯುವ ಭತ್ತದ ಗದ್ದೆಗಳೂ ಉಂಟು. ಹೊಲದ ಕೆಮ್ಮಣ್ಣನ್ನು ಒಂದು ಹಿಡಿ ತೆಗೆದುಕೊಂಡರೆ ಅದು ಬರಿಯ ಪುಡಿಯಂತೆ ತೋರುತ್ತದೆ. ವಾಸ್ತವವಾಗಿ ಅದು ಗೋಡೆ, ಕೋಣೆ, ಓಣಿಗಳುಳ್ಳ ಕಟ್ಟಡ. ಬೇರಿಗೆ ಮಿತ್ರನಾದ ಶಿಲೀಂಧ್ರವೂ ಶತ್ರುವಾದ ಶಿಲೀಂಧ್ರವೂ ಈ ಓಣಿಗಳಲ್ಲಿಯೇ ಸಂಚರಿಸಬೇಕು. ಸಸಿ ಬದುಕುವುದೂ ಕೊಳೆಯುವುದೂ ಬಹುಮಟ್ಟಿಗೆ ಈ ಓಣಿಗಳನ್ನು ಅವಲಂಬಿಸಿದೆ. ಅದು ಹೇಗೆಂಬುದನ್ನು ವಿಚಾರಿಸೋಣ.

ಮರಳು, ರೇವೆ, ಜೇಡಿ ಎಂಬ ಕಣಗಳು ಮಣ್ಣಿನ ಸಾಮಗ್ರಿ. ಅವು ಒಂದಕ್ಕೊಂದು ಅಂಟಿ, ಚಿಕ್ಕ ದೊಡ್ಡ ಹರಳುಗಳಾಗಿ ಕೂಡಿಕೊಳ್ಳುವ ರೀತಿಯೇ ಮಣ್ಣಿನ ರಚನೆ. ಅದೇ ಇಟ್ಟಿಗೆಯಿಂದ ಮನೆಯನ್ನೂ ಕಟ್ಟಬಹುದು, ಒತ್ತಾಗಿ ರಾಶಿಯನ್ನೂ ಹಾಕಬಹುದಲ್ಲವೆ? ಹರಳುಗಳ ನಡುವೆ ಅಗಲವಾದ ಸಂದುಗಳೂ ಹರಳಿನೊಳಗೆ ಅತಿ ಸೂಕ್ಷ್ಮ ರಂಧ್ರಗಳೂ ಇರುತ್ತವೆ. ಮಳೆ ಬಂದು ನಿಂತ ಮೇಲೆ ಅಗಲವಾದ ಸಂದುಗಳಿಂದ ನೀರು ಬಸಿದು ಗಾಳಿ ತುಂಬುತ್ತದೆ. ಸೂಕ್ಷ್ಮ ರಂಧ್ರಗಳಲ್ಲಿ ನೀರು ಉಳಿಯುತ್ತದೆ.

ಶಿಲೀಂಧ್ರದ ದೇಹವು ಎಳೆಗಳ ಜಾಲ. ಎಳೆಯ ದಪ್ಪ ಸಾಮಾನ್ಯವಾಗಿ 2ರಿಂದ 10 ಮೈಕ್ರಾನು. ಒಂದು ಮಿಲಿಮೀಟರಿಗೆ 1,000 ಮೈಕ್ರಾನುಗಳು. ಜೇಡಿಯ ಕಣಗಳ ನಡುವಣ ಕಿರುರಂಧ್ರಗಳಲ್ಲಿ ಅದು ತೂರಲಾರದು. ಅಗಲವಾದ ಸಂದು ಸಿಕ್ಕಿದರೆ ಅದರ ಗೋಡೆಯನ್ನು ಹಿಡಿದು ಸಾಗುತ್ತದೆ. ಎಡೆಯಲ್ಲಿ ಗಾಳಿಯಿದ್ದರೂ ಸೇತುವೆಯಂತೆ ದಾಟುತ್ತದೆ. ಬಹುಪಾಲು ಶಿಲೀಂಧ್ರಗಳಿಗೆ ಆಮ್ಲಜನಕ ಬೇಕು. ನೀರಿನಲ್ಲಿ ಆಮ್ಲಜನಕವು ಹರಡುವ ವೇಗ ಗಾಳಿಯಲ್ಲಿರುವುದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಆದುದರಿಂದ ಸಂದುಗಳು ನೀರಿನಿಂದ ತುಂಬಿದರೆ ಎಳೆಯ ಮುನ್ನಡೆ ಕುಂಠಿತವಾಗುತ್ತದೆ.

ಹಾಗಾದರೆ ಗಾಳಿಯಾಡುವ ಮಣ್ಣು ರೋಗಕ್ಕೆ ಅನುಕೂಲವೆ? ಕೆಲವು ರೋಗಗಳ ಮಟ್ಟಿಗೆ ಹೌದು. ರಾಗಿಯ ಬುಡಕೊಳೆಗೆ ಕಾರಣವಾದ ಸ್ಕ್ಲಿರೋಷಿಯಂ ರಾಲ್ಫ್ಸಿಯೈ ಗಾಳಿಯನ್ನು ಬಯಸುವ ಶಿಲೀಂಧ್ರ. ಸಾಸಿವೆ ಕಾಳಿನಂಥ ಅದರ ಗುಂಡುಗಳು ಮಣ್ಣಿನಲ್ಲಿ ಬಹುಕಾಲ ಉಳಿದು, ಮೇಲ್ಪದರದಲ್ಲಿ ಮೊಳೆತು, ಕೊಳೆಯದೆ ಬಿದ್ದ ಕಸಕಡ್ಡಿಯನ್ನು ಉಂಡು, ಬೆಳ್ಳಗೆ ಎಳೆ ಹಬ್ಬಿಸಿ ಪೈರಿನ ಬುಡವನ್ನು ಹಿಡಿಯುತ್ತವೆ. ಆಳದಲ್ಲಿ ಹೂತುಹೋದ ಗುಂಡುಗಳು ಸುಲಭವಾಗಿ ಮೊಳೆಯಲಾರವು.

ಇದಕ್ಕೆ ವಿರುದ್ಧವಾದುದು ಟೊಮೇಟೊ, ಮೆಣಸಿನಕಾಯಿಗಳ ಒಟ್ಲುಪಾತಿಯಲ್ಲಿ ಸಸಿಗಳನ್ನು ಕೊಳೆಯಿಸುವ ಪಿಥಿಯಂ. ಹಿಂದೆ ಇದನ್ನು ಶಿಲೀಂಧ್ರಗಳೊಡನೆ ಎಣಿಸುತ್ತಿದ್ದರು. ಈಗ ಬೇರೆ ವರ್ಗಕ್ಕೆ ಸೇರಿಸಿದ್ದಾರೆ. ಇದರ ಬೀಜಾಣುಗಳಿಗೆ ಬಾಲಗಳುಂಟು. ನೀರು ತುಂಬಿದ ಸಂದುಗಳಲ್ಲಿ ಅವು ಈಜಿ ಬೇರನ್ನು ಸೇರುತ್ತವೆ. ತುಳಿದು ಗಟ್ಟಿಯಾಗಿ ನೀರು ಬಸಿಯದ ಪಾತಿ ಇವಕ್ಕೆ ಹೆದ್ದಾರಿಯೇ ಸರಿ.

ಇನ್ನು ಮಿತ್ರರ ವಿಚಾರ. ಜರ್ಮನಿಯ ಎ. ಬಿ. ಫ್ರಾಂಕ್ 1885ರಲ್ಲಿ ಬೇರಿಗೂ ಶಿಲೀಂಧ್ರಕ್ಕೂ ಇರುವ ಸಹಜೀವನಕ್ಕೆ ‘ಮೈಕೊರೈಜ’ ಎಂದು ಹೆಸರಿಟ್ಟನು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರು ಇಂಥ ಶಿಲೀಂಧ್ರಗಳನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ರಾಗಿಯ ಬೇರಿಗೂ ಈ ನಂಟು ಉಂಟು. ಬೇರು ಮುಟ್ಟಲಾರದ ಸಂದುಗಳಿಂದ ಎಳೆಗಳು ರಂಜಕವನ್ನು ತಂದುಕೊಡುತ್ತವೆ. ಪ್ರತಿಯಾಗಿ ಸಸ್ಯವು ಸಕ್ಕರೆಯಂಥ ಆಹಾರವನ್ನು ನೀಡುತ್ತದೆ. ಅಷ್ಟೇ ಅಲ್ಲ, ಎಳೆಗಳು ಕಣಗಳನ್ನು ಹೆಣೆದು ಹರಳುಗಳನ್ನು ಭದ್ರಪಡಿಸುತ್ತವೆ. ಓಣಿಯಲ್ಲಿ ನಡೆಯುವವನೇ ಓಣಿಯನ್ನು ಕಾಪಾಡುವವನೂ ಹೌದು.

ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಬಹುಕಾಲ ಉಳದ ಹುಲ್ಲುಗಾವಲಿನಿಂದ ಒಂದು ಸಣ್ಣ ಹೆಂಟೆಯನ್ನೂ ಪದೇಪದೇ ಉತ್ತ ಹೊಲದಿಂದ ಇನ್ನೊಂದನ್ನೂ ತಂದು, ನೆರಳಿನಲ್ಲಿ ಒಣಗಿಸಿ, ನೀರಿರುವ ಎರಡು ಗಾಜಿನ ಲೋಟಗಳಲ್ಲಿ ಮೆಲ್ಲನೆ ಬಿಡಿ. ಹುಲ್ಲುಗಾವಲಿನ ಹೆಂಟೆ ಸಾಮಾನ್ಯವಾಗಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹೊಲದ ಹೆಂಟೆ ಬೇಗ ಕರಗಿ ತಳ ಸೇರುತ್ತದೆ. ಬೇರುಗಳ ಮತ್ತು ಶಿಲೀಂಧ್ರಗಳ ಹೆಣಿಗೆ, ಜೊತೆಗೆ ಕೊಳೆತ ಸಸ್ಯದ ಅಂಟು, ಈ ವ್ಯತ್ಯಾಸಕ್ಕೆ ಕಾರಣ.

ಭತ್ತದ ಗದ್ದೆಯಲ್ಲಿ ರೈತನು ಬೇಕೆಂದೇ ಹರಳುಗಳನ್ನು ಒಡೆದು ಕೆಸರು ಮಾಡುತ್ತಾನೆ. ನೀರು ಇಂಗದಿರಲು ಅದು ಅವಶ್ಯ. ಬಹುದಿನ ನೀರು ನಿಂತಲ್ಲಿ ಗಾಳಿ ಬೇಡುವ ಶತ್ರುಗಳು ಕ್ಷೀಣಿಸುತ್ತವೆ. ಆದರೆ ಮಿತ್ರ ಶಿಲೀಂಧ್ರಗಳೂ ಕುಗ್ಗುತ್ತವೆ.

ಹೀಗೆ ಎಲ್ಲಕ್ಕೂ ಒಪ್ಪುವ ಒಂದೇ ರಚನೆಯೆಂಬುದಿಲ್ಲ. ಆದರೂ ರೈತನ ಕೈಯಲ್ಲಿ ಉಪಾಯಗಳಿವೆ. ಒದ್ದೆ ಹೊಲವನ್ನು ಉಳದಿರುವುದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೇ ಹಾಕುವುದು, ಬುಡಕೊಳೆ ಕಂಡ ಹೊಲದಲ್ಲಿ ಹಸಿ ಕೂಳೆಯನ್ನು ಆಳಕ್ಕೆ ಮಗುಚುವುದು, ಒಟ್ಲುಪಾತಿಯನ್ನು ನೆಲಮಟ್ಟದಿಂದ ಎತ್ತರಿಸಿ ನೀರು ಬಸಿಯುವಂತೆ ಮಾಡುವುದು: ಇವುಗಳಲ್ಲಿ ಪ್ರತಿಯೊಂದೂ ಮಣ್ಣಿನ ಒಂದು ಓಣಿಯನ್ನು ಮಿತ್ರನಿಗೆ ತೆರೆಯುವ ಇಲ್ಲವೆ ಶತ್ರುವಿಗೆ ಮುಚ್ಚುವ ಕೆಲಸ.