ಮಾತ್ರೆಗೆ ದುಡ್ಡು, ಮಾತಿಗೆ?

ಡಾಕ್ಟರು ಬರೆದುಕೊಟ್ಟ ಔಷಧದಲ್ಲಿ ಏನಿದೆ, ಅದು ಏನು ಮಾಡುತ್ತದೆ ಎಂದು ರೋಗಿ ಕೇಳಿದರೆ ಫಾರ್ಮಸಿಸ್ಟ್ ಉತ್ತರ ಕೊಡಬಾರದು, ಡಾಕ್ಟರನ್ನೇ ಕೇಳಿ ಎಂದು ಕಳಿಸಬೇಕು. ಅಮೆರಿಕದ ಫಾರ್ಮಸಿಸ್ಟರ ಸಂಘದ 1952ರ ನೀತಿಸಂಹಿತೆಯಲ್ಲಿ ಇಂಥದೊಂದು ನಿಯಮವಿತ್ತು. 1969ರಲ್ಲಿ ಅದು ಹೋಯಿತು. ಈಗ ಅದೇ ದೇಶದ ವಾಷಿಂಗ್ಟನ್ ರಾಜ್ಯದಲ್ಲಿ, ಅಂದರೆ ಸಿಯಾಟಲ್ ನಗರವಿರುವ ರಾಜ್ಯದಲ್ಲಿ, ಫಾರ್ಮಸಿಸ್ಟ್ ರೋಗಿಯನ್ನು ಎದುರು ಕೂರಿಸಿಕೊಂಡು ಬಿ.ಪಿ. ನೋಡಿ, ಡಾಕ್ಟರ ಜೊತೆ ಮಾಡಿಕೊಂಡ ಒಪ್ಪಂದದ ಮಿತಿಯಲ್ಲಿ ಔಷಧದ ಪ್ರಮಾಣ ಹೆಚ್ಚುಕಮ್ಮಿ ಮಾಡಿ, ಆ ಭೇಟಿಯ ಬಿಲ್ಲನ್ನು ಆರೋಗ್ಯ ವಿಮೆ ಕಂಪನಿಗೆ ಕಳಿಸಬಹುದು. ಬಾಯಿ ಬಿಡಲು ಅನುಮತಿ ಸಿಕ್ಕಿದ್ದು ಬೇಗ. ಆ ಕೆಲಸಕ್ಕೆ ಸಂಭಾವನೆ ಸಿಗಲು ಹಿಡಿದ ಕಾಲವೇ ಹೆಚ್ಚು.

ನಿಯಮ ಇರುವಾಗಲೇ ಅದನ್ನು ಮೀರಿ ಯೋಚಿಸಿದವರೂ ಇದ್ದರು. ವರ್ಜೀನಿಯಾದ ಬೆರಿವಿಲ್ ಎಂಬ ಪುಟ್ಟ ಊರಿನಲ್ಲಿ ಯೂಜೀನ್ ವೈಟ್ 1960ರಲ್ಲಿ ತಮ್ಮ ಅಂಗಡಿಯ ಸೋಡಾ ಕೌಂಟರು, ಸಾಮಾನಿನ ಕಪಾಟುಗಳನ್ನೆಲ್ಲ ತೆಗೆಸಿ ಅದನ್ನು ಕಚೇರಿಯಂತೆ ಮಾಡಿಕೊಂಡರು. ಯಾರು ಯಾವ ಔಷಧ ತೆಗೆದುಕೊಳ್ಳುತ್ತಿದ್ದಾರೆ, ಯಾವುದು ಯಾರಿಗೆ ಒಗ್ಗುವುದಿಲ್ಲ ಎಂದು ಮನೆಮನೆಯ ಲೆಕ್ಕ ಬರೆದಿಟ್ಟರು. ಇಂದು ಕಂಪ್ಯೂಟರ್ ಮಾಡುವ ಕೆಲಸವದು. ಆ ಕಾಲಕ್ಕೆ ದಿಟ್ಟತನ.

ಆದರೆ 1965ರಲ್ಲಿ ಹಿರಿಯ ನಾಗರಿಕರಿಗಾಗಿ ಮೆಡಿಕೇರ್ ವಿಮೆ ಬಂದಾಗ ಹೊರರೋಗಿಗಳ ಔಷಧದ ಖರ್ಚು ಅದರೊಳಗೆ ಇರಲೇ ಇಲ್ಲ. ಚಿಕಿತ್ಸೆ ಕೊಟ್ಟು ಹಣ ಕೇಳಬಹುದಾದವರ ಪಟ್ಟಿಗೆ ಮುಂದೆ ನರ್ಸ್ ಪ್ರಾಕ್ಟೀಷನರ್, ಮನಶ್ಶಾಸ್ತ್ರಜ್ಞ, ಆಹಾರತಜ್ಞ ಎಲ್ಲರೂ ಸೇರಿದರು. ಫಾರ್ಮಸಿಸ್ಟ್ ಮಾತ್ರ ಸೇರಲಿಲ್ಲ. ಖಾಸಗಿ ವಿಮೆಯವರಿಗೂ ಅದೇ ಮೇಲ್ಪಂಕ್ತಿಯಾಯಿತು. ವಿಮೆಯಲ್ಲಿ ಎರಡು ಗಲ್ಲಾಪೆಟ್ಟಿಗೆ ಇದ್ದಂತೆ: ಒಂದು ಔಷಧಕ್ಕೆ, ಇನ್ನೊಂದು ಚಿಕಿತ್ಸೆಗೆ. ಮೊದಲನೆಯದರಿಂದ ಮಾತ್ರೆಯ ಬೆಲೆ, ಅದನ್ನು ಎಣಿಸಿಕೊಟ್ಟ ಚಿಲ್ಲರೆ ಶುಲ್ಕ ಸಿಗುತ್ತದೆ. ಎರಡನೆಯದಕ್ಕೆ ಕೈಹಾಕಲು ಫಾರ್ಮಸಿಸ್ಟನಿಗೆ ಆಗ ಹಕ್ಕಿರಲಿಲ್ಲ. 1990ರ ಕೇಂದ್ರ ಕಾನೂನೊಂದು ಬಡವರ ವಿಮೆಯಾದ ಮೆಡಿಕೇಡ್ ರೋಗಿಗಳಿಗೆ ಔಷಧದ ಬಗ್ಗೆ ತಿಳಿಸಿ ಹೇಳಲು ಫಾರ್ಮಸಿಸ್ಟ್ ಮುಂದಾಗಬೇಕೆಂದು ಕಡ್ಡಾಯ ಮಾಡಿತು. ಕರ್ತವ್ಯ ಹೆಗಲೇರಿತು, ಹಣ ಬರಲಿಲ್ಲ. ಪುಕ್ಕಟೆ ಕೆಲಸ ಹೇರಿ ಅದು ಚೆನ್ನಾಗಿ ನಡೆಯಲಿ ಎಂದು ಬಯಸುವುದು ನ್ಯಾಯವಲ್ಲ. ಕ್ಯೂ ಬೆಳೆದಿರುವಾಗ ಮೊದಲು ಬಿದ್ದುಹೋಗುವುದು ಆ ಹತ್ತು ನಿಮಿಷದ ಮಾತೇ.

ಕಟ್ಟು ಸಡಿಲಿಸಿದ್ದು ಸರ್ಕಾರವೂ ಅಲ್ಲ, ವಿಮೆ ಕಂಪನಿಯೂ ಅಲ್ಲ, ಒಂದು ನಗರಾಡಳಿತ. ನಾರ್ತ್ ಕೆರೊಲಿನಾದ ಆಶ್‌ವಿಲ್ ನಗರ ತನ್ನ ನೌಕರರ ಆಸ್ಪತ್ರೆ ಖರ್ಚನ್ನು ತಾನೇ ಭರಿಸುತ್ತಿತ್ತು. ಹಾಗಾಗಿ ಡಯಾಬಿಟಿಸ್ ಕೈಮೀರಿದರೆ ಬರುವ ಬಿಲ್ಲು ಎಷ್ಟೆಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು. 1990ರ ದಶಕದ ನಡುವಿನಲ್ಲಿ ಅದು ಊರಿನ ಫಾರ್ಮಸಿಸ್ಟರಿಗೆ ತರಬೇತಿ ಕೊಡಿಸಿ, ನೌಕರರನ್ನು ಕೂರಿಸಿ ಮಾತಾಡಿದ್ದಕ್ಕೇ ಹಣ ಕೊಡತೊಡಗಿತು. ತಪ್ಪದೆ ಬರುವ ನೌಕರರಿಗೆ ಶುಗರ್ ಔಷಧದಲ್ಲಿ ಅವರು ಕಟ್ಟಬೇಕಾದ ಪಾಲನ್ನೂ ಮನ್ನಾ ಮಾಡಿತು. ಗ್ಲುಕೋಮೀಟರ್ ಹಿಡಿಯುವುದು ಹೇಗೆ, ಪಾದದಲ್ಲಿ ಗಾಯವಾಗಿದೆಯೇ, ಗುಳಿಗೆ ತಪ್ಪುತ್ತಿರುವುದು ಏಕೆ ಎಂದು ಫಾರ್ಮಸಿಸ್ಟ್ ಮತ್ತೆ ಮತ್ತೆ ವಿಚಾರಿಸುತ್ತಿದ್ದರು. 2003ರಲ್ಲಿ ಪ್ರಕಟವಾದ ಲೆಕ್ಕ ಗಮನ ಸೆಳೆಯಿತು. ಔಷಧದ ಖರ್ಚು ಏರಿತ್ತು, ಆಸ್ಪತ್ರೆ ಮತ್ತು ಡಾಕ್ಟರ ಖರ್ಚು ಇಳಿದಿತ್ತು. ಒಟ್ಟಾರೆ ನೇರ ವೈದ್ಯಕೀಯ ವೆಚ್ಚ ರೋಗಿಯೊಬ್ಬರಿಗೆ ವರ್ಷಕ್ಕೆ 1,200ರಿಂದ 1,872 ಡಾಲರ್‌ನಷ್ಟು ಕಡಿಮೆಯಾಗಿತ್ತು. ಕಾಯಿಲೆ ರಜೆಯೂ ಕಡಿಮೆಯಾಗಿತ್ತು. ಇಷ್ಟಪಟ್ಟು ಬಂದವರೇ ಆ ರೋಗಿಗಳು, ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೂ ಮಾತಿಗೆ ಹಣ ಕೊಟ್ಟವರು ನಷ್ಟಪಡಲಿಲ್ಲ ಎನ್ನಲು ಅಲ್ಲಿಯವರೆಗೆ ಇಷ್ಟು ಗಟ್ಟಿ ಉದಾಹರಣೆ ಕಡಿಮೆ.

2006ರಲ್ಲಿ ಮೆಡಿಕೇರ್‌ಗೆ ಔಷಧ ವಿಮೆ ಸೇರಿದಾಗ, ಹಲವು ಕಾಯಿಲೆಗೆ ಹಲವು ಔಷಧ ನುಂಗುವವರ ಔಷಧಗಳನ್ನು ಕೂಲಂಕಷವಾಗಿ ಪರಿಶೀಲಿಸಬೇಕೆಂಬ ಷರತ್ತೂ ಬಂತು. ದೊಡ್ಡ ಹೆಜ್ಜೆಯೇ, ಆದರೆ ಒಳಗೊಂದು ತೊಡಕು. ಬರೀ ಔಷಧ ವಿಮೆ ಮಾರುವ ಕಂಪನಿ ಪರಿಶೀಲನೆಯ ಖರ್ಚು ಹೊರಬೇಕು. ರೋಗಿ ಆಸ್ಪತ್ರೆ ಸೇರುವುದು ತಪ್ಪಿದರೆ ಉಳಿತಾಯ ಮಾತ್ರ ಮೆಡಿಕೇರ್‌ಗೆ. ಅಂಥ ಕಂಪನಿ ಷರತ್ತಿಗಿಂತ ಒಂದು ಹೆಜ್ಜೆ ಹೆಚ್ಚು ಹಾಕುವುದಾದರೂ ಯಾವ ಆಸೆಗೆ?

ವಾಷಿಂಗ್ಟನ್ ರಾಜ್ಯ ಇಲ್ಲೇ ಬೇರೆ ದಾರಿ ಹಿಡಿಯಿತು. ಡಾಕ್ಟರ ಜೊತೆ ಒಪ್ಪಂದ ಮಾಡಿಕೊಂಡು ಔಷಧ ಬರೆಯುವ ಅಧಿಕಾರ ಅಲ್ಲಿನ ಫಾರ್ಮಸಿಸ್ಟರಿಗೆ 1979ರಿಂದಲೇ ಇತ್ತು. ಎಲ್ಲ ವರ್ಗದ ಆರೋಗ್ಯ ಸೇವಕರಿಗೂ ವಿಮೆಯಲ್ಲಿ ಜಾಗವಿರಬೇಕೆಂಬ ಕಾನೂನು 1995ರಷ್ಟು ಹಳೆಯದು. ಎರಡೂ ಇದ್ದು ಫಲ ಕಾಣದೆ 20 ವರ್ಷ ಕಳೆಯಿತು. 2015ರ ಮೇ ತಿಂಗಳಲ್ಲಿ ಗವರ್ನರ್ ಜೇ ಇನ್‌ಸ್ಲೀ ಸಹಿ ಹಾಕಿದ ಹೊಸ ಕಾನೂನು ನೇರವಾಗಿ ಮಾತಾಡಿತು: ಡಾಕ್ಟರು ಮಾಡಿದರೆ ಹಣ ಕೊಡುವ ಸೇವೆಯನ್ನು ತಮ್ಮ ಜಾಲದ ಫಾರ್ಮಸಿಸ್ಟ್ ತಮ್ಮ ಅಧಿಕಾರದ ಮಿತಿಯಲ್ಲಿ ಮಾಡಿದಾಗ ವಿಮೆ ಕಂಪನಿ ನಿರಾಕರಿಸುವಂತಿಲ್ಲ. ನನಗೆ ಅದರಲ್ಲಿ ಬಹಳ ಮುಖ್ಯವಾಗಿ ಕಂಡದ್ದು ಇನ್ನೊಂದು ವಾಕ್ಯ. ಔಷಧ ಮಾರಲು ಅಂಗಡಿಯ ಜೊತೆ ಕರಾರು ಇದ್ದಮಾತ್ರಕ್ಕೆ ಫಾರ್ಮಸಿಸ್ಟರನ್ನು ಸೇರಿಸಿಕೊಂಡಂತೆ ಆಗುವುದಿಲ್ಲ ಎಂದು ಅದು ಬಿಡಿಸಿ ಹೇಳುತ್ತದೆ. ಅಂಗಡಿ ಬೇರೆ, ಅಲ್ಲಿ ಕೂತ ಮನುಷ್ಯನ ವಿದ್ಯೆ ಬೇರೆ ಎಂದು ಕಾನೂನೇ ಒಪ್ಪಿಕೊಂಡ ಹಾಗಾಯಿತು. ಮೊದಲು ಆಸ್ಪತ್ರೆ, ಕ್ಲಿನಿಕ್ಕುಗಳಲ್ಲಿ ಇರುವವರಿಗೆ, 2017ರಿಂದ ಉಳಿದವರಿಗೂ ಅದು ಅನ್ವಯವಾಯಿತು.

ರಾಜ್ಯದ ಕಾನೂನಿಗೆ ಗಡಿಯಿದೆ. ತಮ್ಮ ನೌಕರರ ವೆಚ್ಚವನ್ನು ತಾವೇ ಭರಿಸುವ ದೊಡ್ಡ ಖಾಸಗಿ ಕಂಪನಿಗಳ ವಿಮೆಯ ಮೇಲೆ ಅದರ ಅಧಿಕಾರ ನಡೆಯುವುದಿಲ್ಲ. ಅವು ಕೇಂದ್ರ ಕಾನೂನಿಗೆ ಒಳಪಟ್ಟವು. ಮೆಡಿಕೇರ್ ಅಂತೂ ಕೇಂದ್ರದ್ದೇ. ಫಾರ್ಮಸಿಸ್ಟರ ಸೇವೆಗೆ ಮೆಡಿಕೇರ್ ಹಣ ಕೊಡಲಿ ಎಂಬ ಮಸೂದೆಗಳು 2014, 2015, 2023ರಲ್ಲಿ ಸಂಸತ್ತಿಗೆ ಬಂದವು, ಎರಡೂ ಪಕ್ಷಗಳ ಸದಸ್ಯರ ಬೆಂಬಲವೂ ಇತ್ತು. ಒಂದೂ ಕಾನೂನಾಗಲಿಲ್ಲ. ದಿನಕ್ಕೆ ಏಳೆಂಟು ಮಾತ್ರೆ ನುಂಗುವವರು ಹೆಚ್ಚಾಗಿರುವುದು ಆ ವಿಮೆಯಲ್ಲೇ.